ಹನ್ನೊಂದನೇ ಸುತ್ತು

ಮೊದಲ ದಿನವೇ ಅವನು ನನ್ನನ್ನು ಅಕ್ಕ ಎಂದು ಕರೆದುಬಿಟ್ಟ.

“ಅಕ್ಕಾ, ಇಲ್ಲಿ ಯಾರಾದ್ರೂ ಕೂತಿದ್ದಾರಾ?”

ನನಗೆ ಮೈಯೆಲ್ಲ ಉರಿಯಿತು. ಹೌದಪ್ಪ, ಹಿಂದಿನ ವರ್ಷ ಅಲ್ಗಾರಿದಮ್ಸ್‌ನಲ್ಲಿ ಫೇಲಾಗಿ, ಜೂನಿಯರ್‌ಗಳ ಜೊತೆ ಮತ್ತೆ ಅದೇ ಲ್ಯಾಬಿಗೆ ಬಂದು ಕೂತವಳು ನಾನು. ಅದನ್ನು ಹೀಗೆ ಡಂಗುರ ಸಾರಬೇಕಿತ್ತೆ?

“ಇನ್ನೊಂದು ಸಲ ಅಕ್ಕ ಗಿಕ್ಕ ಅಂದ್ರೆ ಕೀಬೋರ್ಡಲ್ಲೇ ಬಾರಿಸ್ತೀನಿ,” ಎಂದೆ.

ಅವನು ಕಿವಿಯವರೆಗೂ ಕೆಂಪಾಗಿ ಪಕ್ಕದಲ್ಲಿ ಕೂತ. ಅಂದಿನಿಂದ ಅಕ್ಕ ಹೋಯಿತು, ‘ನೀವು’ ಮಾತ್ರ ಉಳಿಯಿತು. ಪ್ರತಿ ಟೆಸ್ಟಿನಲ್ಲೂ ಒಂದಂಕಿ ಬಿಡದೆ ಬಾಚುತ್ತಿದ್ದ ಅವನಿಗೆ ಕ್ಲಾಸಿನವರು ಇಟ್ಟ ಹೆಸರು ಫುಲ್‌ಮಾರ್ಕ್ಸ್.

ಈ ಫುಲ್‌ಮಾರ್ಕ್ಸ್ ನನ್ನ ಕೋಡ್ ನೋಡಿ ನಕ್ಕಿದ್ದು ಒಂದೇ ಸಲ. ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಬೇಕಿದ್ದ ನನ್ನ ಪ್ರೋಗ್ರಾಮ್ ನಿಲ್ಲದೆ ಓಡುತ್ತಲೇ ಇತ್ತು. ಅವನು ಬಗ್ಗಿ ಪರದೆಯ ಮೇಲೆ ಬೆರಳಿಟ್ಟ.

“ದೊಡ್ಡದಿದ್ರೆ ಮಾತ್ರ ಜಾಗ ಬದಲಿಸಬೇಕು. ನೀವು ಸಮ ಇದ್ರೂ ಬದಲಿಸಿ ಅಂತ ಬರೆದಿದ್ದೀರ. ಐದರ ಪಕ್ಕ ಇನ್ನೊಂದು ಐದು ಬಂದ್ರೆ, ಪಾಪ, ಜನ್ಮವಿಡೀ ಅದಲುಬದಲು ಆಗ್ತಾನೇ ಇರ್ತವೆ.”

ನಗುವಾಗ ಅವನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ. ಆಮೇಲೆ ಆ ಗುಳಿಯನ್ನು ಇನ್ನೊಮ್ಮೆ ನೋಡಲು ನಾನು ಎಷ್ಟು ತಪ್ಪು ಮಾಡಿದೆನೋ ಲೆಕ್ಕವಿಲ್ಲ.

ಸೆಮಿಸ್ಟರಿನ ಕೊನೆಯ ಲ್ಯಾಬ್ ಬಂತು. ಆವತ್ತು ಮಧ್ಯಾಹ್ನ ಒಂದು ಗಂಟೆಯೊಳಗೆ ಪ್ರಾಜೆಕ್ಟಿನ ಜೋಡಿ ಯಾರೆಂದು ಬರೆದು ಆಫೀಸಿಗೆ ಫಾರ್ಮ್ ಕೊಡಬೇಕು. ಇಲ್ಲದಿದ್ದರೆ ಅವರೇ ಯಾರಿಗೋ ಗಂಟು ಹಾಕುತ್ತಾರೆ, ವರ್ಷವಿಡೀ ಅನುಭವಿಸಬೇಕು. ನನ್ನ ಫಾರ್ಮ್ ಖಾಲಿ. ಕೇಳೋಕೆ ನನಗೇನು ಧಾಡಿ ಎನ್ನಬಹುದು. ಫೇಲಾದವಳು ಫುಲ್‌ಮಾರ್ಕ್ಸ್ ಬೆನ್ನಿಗೆ ಜೋತುಬಿದ್ದಳು ಎಂದು ಆಡಿಕೊಂಡರೆ? ಊರೆಲ್ಲ ಅನ್ನಲಿ, ಅವನೇ ಹಾಗಂದುಕೊಂಡರೆ? ಅವನಾಗಿ ಕೇಳಲಿ ಎಂದು ಕಾದೆ. ಅವನೋ, ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಂಥವನು.

ನಮ್ಮ ಮೇಡಂಗೆ ಒಂದು ನೇಮವಿತ್ತು. ಯಾವ ಅಲ್ಗಾರಿದಮ್ ಆಗಲಿ, ಕಂಪ್ಯೂಟರ್ ಮುಟ್ಟುವ ಮೊದಲು ಮನುಷ್ಯರೇ ಆಡಿ ತೋರಿಸಬೇಕು. ಆವತ್ತು ನಮ್ಮಿಬ್ಬರನ್ನೂ ಸೇರಿಸಿ ಎಂಟು ಜನರನ್ನು ಕರೆದು, ಬಾಗಿಲ ಚೌಕಟ್ಟಿಗೆ ಒರಗಿಸಿ ಟೇಪಿನಲ್ಲಿ ಎತ್ತರ ಅಳೆದರು. ಮೊದಲು ಅವನದು, ನೂರ ಅರವತ್ತೆಂಟು. ಅವನನ್ನು ನಿಯಮ ಬರೆಯಲು ಬೋರ್ಡಿಗೆ ಕಳಿಸಿ ನನಗೆ ಟೇಪು ಹಿಡಿದರು.

“ಇವಳೂ ನೂರ ಅರವತ್ತೆಂಟು. ಒಳ್ಳೇ ಜೋಡಿ!”

ಬೋರ್ಡಿನ ಹತ್ತಿರ ಸೀಮೆಸುಣ್ಣ ಪಟಕ್ಕನೆ ಮುರಿದ ಸದ್ದು ಕೇಳಿಸಿತು.

“ಬೋರ್ಡಲ್ಲಿ ಏನಿದೆಯೋ ಅಷ್ಟೇ ಮಾಡಿ. ನಿಮ್ಮ ಬುದ್ಧಿ ಖರ್ಚು ಮಾಡ್ಬೇಡಿ,” ಎಂದು ಮೇಡಂ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಎಡದಿಂದ ಬಲಕ್ಕೆ ಪಕ್ಕದವರ ಎತ್ತರ ಹೋಲಿಸುತ್ತ, ಬೇಕಾದಲ್ಲಿ ಜಾಗ ಬದಲಿಸುತ್ತ ಹೋಗಬೇಕು. ಯಾರೂ ಕದಲದ ಒಂದು ಸುತ್ತು ಬಂದರೆ ಆಟ ಮುಗಿಯಿತು.

ಮೂರು ಸುತ್ತಿಗೆಲ್ಲ ಕುಳ್ಳರು ಎಡಕ್ಕೆ, ಉದ್ದದವರು ಬಲಕ್ಕೆ ಸೇರಿಕೊಂಡರು. ನಾವಿಬ್ಬರು ನಡುವೆ. ನಾಲ್ಕನೇ ಸುತ್ತಿನಲ್ಲಿ ಉಳಿದ ಆರು ಜನ ಅಲುಗಲಿಲ್ಲ, ನಾವು ಜಾಗ ಬದಲಿಸಿದೆವು. ಐದನೆಯದರಲ್ಲೂ ಅದೇ. ಓರೆಗಣ್ಣಿನಲ್ಲಿ ಬೋರ್ಡ್ ನೋಡಿದೆ. ‘ಎಡಗಡೆಯವರು ಎತ್ತರವಿದ್ದರೆ ಅಥವಾ ಸಮವಿದ್ದರೆ.’ ಅವನದೇ ಅಕ್ಷರ!

ಹೇಳಬೇಕಿತ್ತು. ಹೇಳಲಿಲ್ಲ. ದಾಟುವಾಗ ಪ್ರತಿ ಸಲ ಎದುರುಬದುರಾಗುತ್ತಿದ್ದೆವು, ತೋಳಿಗೆ ತೋಳು ತಾಗುತ್ತಿತ್ತು, ಅವನು “ಸಾರಿ” ಎನ್ನುತ್ತಿದ್ದ. ಆರನೇ ಸುತ್ತಿಗೆ ಸಾರಿ ಪಿಸುಮಾತಾಯಿತು. ಎಂಟಕ್ಕೆ ಸಾರಿಯೇ ಇಲ್ಲ, ಬರೀ ಗುಳಿ. “ಒಂಬತ್ತು! ಹತ್ತು!” ಎಂದು ಕ್ಲಾಸೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ನನ್ನ ಎದೆ ಅದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಹನ್ನೊಂದಕ್ಕೆ ಮೇಡಂ ಕೈ ಎತ್ತಿದರು. “ನಾನು ರಿಟೈರ್ ಆಗೋವರೆಗೂ ಇವರಿಬ್ಬರು ಹೀಗೇ ಓಡಾಡ್ತಾರಾ? ಯಾಕೆ ನಿಲ್ತಿಲ್ಲ, ಯಾರು ಹೇಳ್ತೀರ?”

ಒಲ್ಲದ ಮನಸ್ಸಿನಿಂದ ನಾನೇ ಹೇಳಿದೆ. ನನಗೆ ಐದಕ್ಕೆ ಐದು. ನಿಯಮ ಬರೆದವನಿಗೆ ಸೊನ್ನೆ. ಫುಲ್‌ಮಾರ್ಕ್ಸ್‌ಗೆ ಸೊನ್ನೆ! ಎಲ್ಲರೂ ಹೋ ಎಂದರು. ನನಗೆ ಮಾತ್ರ ನಗು ಬರಲಿಲ್ಲ.

ಒಂದು ಗಂಟೆಗೆ ಹತ್ತು ನಿಮಿಷವಿದ್ದಾಗ ಮೆಟ್ಟಿಲ ಮೇಲೆ ಅವನನ್ನು ಹಿಡಿದೆ.

“ನಿಲ್ಲೋ! ನನಗೆ ತಿದ್ದಿದ ತಪ್ಪನ್ನೇ ನೀನು ಮಾಡೋದಾ? ಬೇಕಂತಲೇ ಮಾಡಿದ್ಯಾ?”

“ನಿಮ್ಮಾಣೆ ಇಲ್ಲ. ಮೇಡಂ ಒಳ್ಳೇ ಜೋಡಿ ಅಂದ್ರಲ್ಲ, ಆಮೇಲೆ ನಾನೇನು ಬರೆದೆ ಅಂತ ನನಗೇ ಗೊತ್ತಾಗ್ಲಿಲ್ಲ.”

“ಮತ್ತೆ ಯಾವಾಗ ಗೊತ್ತಾಯ್ತು?”

ಅವನು ಅಂಗಿಯ ತೋಳಿಗೆ ಮೆತ್ತಿದ್ದ ಸುಣ್ಣ ಉಜ್ಜಿಕೊಂಡ. “ನಾಲ್ಕನೇ ಸುತ್ತಲ್ಲಿ.”

“ಬಾಯಿಗೇನಾಗಿತ್ತು? ಐದು ಮಾರ್ಕ್ಸ್ ಹೋಯ್ತಲ್ಲೋ!”

“ಹೋಗ್ಲಿ ಬಿಡಿ. ಇಷ್ಟು ದಿನ ನಿಮ್ಮ ಎದುರಿಗೆ ನಿಂತು ಮುಖ ನೋಡೋ ಧೈರ್ಯ ಇರ್ಲಿಲ್ಲ. ಇವತ್ತು ತಾನಾಗೇ ಆಗ್ತಿತ್ತು, ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ.” ಆಮೇಲೆ ತಲೆ ಎತ್ತಿದ. “ನಿಮಗೆ ಯಾವಾಗ ಗೊತ್ತಾಯ್ತು?”

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ.

“ಐದನೇದರಲ್ಲಿ.”

“ಹೇಳಿದ್ದು ಹನ್ನೊಂದರಲ್ಲಿ!”

ಮೆಟ್ಟಿಲ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ಬ್ಯಾಗಿನಿಂದ ಫಾರ್ಮ್ ತೆಗೆದ. ಅವನ ಹೆಸರಿನ ಕೆಳಗೆ ನನ್ನ ಹೆಸರನ್ನು ಪೆನ್ಸಿಲಿನಲ್ಲಿ ಬರೆದು ಅಳಿಸಿ, ಅಳಿಸಿ ಬರೆದು, ಕಾಗದ ಅಲ್ಲಿ ತೆಳ್ಳಗಾಗಿತ್ತು.

“ಕೇಳಿದ್ರೆ, ಕನಿಕರಕ್ಕೆ ಕರೀತಿದ್ದಾನೆ ಅಂದ್ಕೊಳ್ತೀರೇನೋ ಅಂತ ಹೆದರಿದೆ. ನನಗೆ ನೀವಂದ್ರೆ ಇಷ್ಟ. ಪ್ರಾಜೆಕ್ಟಿಗೆ ಮಾತ್ರ ಅಲ್ಲ.”

“ನೀವು ಅಂದ್ರೆ ನಾನು ಉತ್ತರ ಕೊಡಲ್ಲ.”

ಅವನು ಒಮ್ಮೆ ಉಸಿರೆಳೆದುಕೊಂಡ. “ನೀನಂದ್ರೆ ಇಷ್ಟ ಕಣೇ.”

“ನಂಗೂ ಕಣೋ. ಆ ಗುಳಿ ನೋಡಿದ ದಿನದಿಂದ. ಈಗ ಓಡು, ಐದೇ ನಿಮಿಷ ಇರೋದು!”

ಕೈ ಹಿಡಿದುಕೊಂಡೇ ಓಡಿದೆವು. ಆಫೀಸಿನ ಕಿಟಕಿಯ ಮುಂದೆ, ಅಳಿಸಿದ ಗುರುತಿನ ಮೇಲೆ ನಾನು ಪೆನ್ನಿನಲ್ಲಿ ನನ್ನ ಹೆಸರು ಬರೆದೆ. ಅವನು ಪೆನ್ನು ಕಸಿದು, ಬಾಣ ಎಳೆದು ನನ್ನದನ್ನು ಮೇಲಕ್ಕೆ ಹಾಕಿದ. ನಾನು ಇನ್ನೊಂದು ಬಾಣ ಎಳೆದು ಅವನದನ್ನು ಮೇಲಕ್ಕೆ ತಂದೆ. ಅವನು ಮತ್ತೆ ಪೆನ್ನಿಗೆ ಕೈ ಹಾಕಿದ.

ಸೀಲು ಹಿಡಿದು ಕಾಯುತ್ತಿದ್ದ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. “ಇದು ನಿಲ್ಲುತ್ತೋ ಇಲ್ವೋ?”

“ನಿಲ್ಲಲ್ಲ ಸಾರ್,” ಎಂದೆವು ಇಬ್ಬರೂ.