ಹಡಗಿನಲ್ಲಿರುವ ಅಣ್ಣನಿಗಾಗಿ ಪ್ರಾರ್ಥನೆ

"ಕೈ ಬಿಡ್ರೀ ಅವರದು!"

ಹಿಂದಿನಿಂದ ಬಂದ ಕೂಗಿಗೆ ಅವಳು ಬೆಚ್ಚಿಬಿದ್ದಳು. ಅಷ್ಟರಲ್ಲಿ, ಅವಳು ಭುಜ ಹಿಡಿದು ತಿರುಗಿಸಿದ್ದ ಮನುಷ್ಯನ ಕೈಯಿಂದ ಸೂಪಿನ ಬಟ್ಟಲು ಜಾರಿ ನೆಲಕ್ಕೆ ಬಿದ್ದಿತ್ತು.

ಅಣ್ಣ ಅಲ್ಲ... ಇವನೂ ಅಲ್ಲ!

ಅದು ಚರ್ಚಿನ ನೆಲಮಾಳಿಗೆಯ ಹಾಲ್. ಬೀದಿಯಲ್ಲಿ ಮಲಗುವವರಿಗೆ ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿ ಸೂಪು, ಬ್ರೆಡ್ಡು ಕೊಡುತ್ತಿದ್ದರು. ಅವಳು ಬಡಿಸಲು ಬಂದದ್ದು ಅವತ್ತೇ ಮೊದಲು. ಕೂಗಿದವನು, ಹೆದರಿ ಮುದುಡಿದ್ದ ಆ ಮನುಷ್ಯನನ್ನು ಬೆಂಚಿನ ಮೇಲೆ ಕೂರಿಸಿದ. ಬೇರೆ ಬಟ್ಟಲು ತಂದುಕೊಟ್ಟ. ನೆಲ ಒರೆಸಿದ. ಆಮೇಲೆ ಅವಳ ಕಡೆ ತಿರುಗಿದ. ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಅದೇ ಚರ್ಚಿನವನು, ಲಿಫ್ಟ್ ರಿಪೇರಿ ಮಾಡುವವನು.

"ಸಿಸ್ಟರ್, ಇವರನ್ನ ಯಾರಾದ್ರೂ ಹಿಂದಿನಿಂದ ಹಿಡ್ಕೊಂಡ್ರೆ ಏಟು ಬೀಳುತ್ತೆ ಅಂತಾನೇ ಅಂದ್ಕೊಳ್ತಾರೆ. ಎದುರಿಗೆ ನಿಂತು ಮಾತಾಡಿಸ್ಬೇಕು. ಇಷ್ಟೂ ಗೊತ್ತಾಗಲ್ವಾ?"

"ಗೊತ್ತಿರೋರು ಅಂದ್ಕೊಂಡೆ..."

ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿ ಬಂತು. ಬೈಯಲು ಬಂದವನು ತಬ್ಬಿಬ್ಬಾದ. ಏನು ಮಾಡಬೇಕೆಂದು ತೋಚದೆ, ಕಣ್ಣೊರೆಸಿಕೊಳ್ಳಲಿ ಎಂದು ಕೈಯಲ್ಲಿದ್ದ ನೆಲ ಒರೆಸುವ ಬಟ್ಟೆಯನ್ನೇ ಅವಳ ಮುಂದೆ ಚಾಚಿದ!

ಅಳಬೇಕೋ ನಗಬೇಕೋ ತಿಳಿಯದೆ ಅವಳು ಆ ಬಟ್ಟೆಯನ್ನೇ ನೋಡುತ್ತಾ ನಿಂತಳು. ಪುಣ್ಯಾತ್ಮ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಅವನಿಗೆ ಹೊಳೆಯಲಿಲ್ಲ.

ಹಾಗೆ ಶುರುವಾಯಿತು.

ಶನಿವಾರಗಳು ಕಳೆದವು. ಅವಳು ಬ್ರೆಡ್ಡು ಕತ್ತರಿಸುತ್ತಿದ್ದಳು, ಅವನು ಕುದಿಯುವ ಪಾತ್ರೆ ಇಳಿಸುತ್ತಿದ್ದ. 'ಸಿಸ್ಟರ್' ಎನ್ನುವುದು ಯಾವಾಗಲೋ ಬಿಟ್ಟುಹೋಗಿ, ಬರೀ 'ರೀ' ಉಳಿದುಕೊಂಡಿತು. ಅದನ್ನು ಮೊದಲು ಗಮನಿಸಿದವರು ಸೂಪ್ ಆಂಟಿ. ವಾರವಿಡೀ ದೊಡ್ಡಾಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿ, ಶನಿವಾರ ಚರ್ಚಿನ ಒಲೆ ಮುಂದೆ ನಿಲ್ಲುವ ಹೆಂಗಸು. ಅವರ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ.

ಒಂದು ದಿನ ಪಾತ್ರೆ ತೊಳೆಯುವಾಗ ಅವನು ಕೇಳಿಯೇಬಿಟ್ಟ.

"ರೀ, ನೀವು ಬಡಿಸುವಾಗ ಬಟ್ಟಲು ನೋಡಲ್ಲ, ಮುಖ ನೋಡ್ತೀರಿ. ಯಾರನ್ನ ಹುಡುಕ್ತಿದ್ದೀರಿ?"

ಯಾರಿಗೂ ಹೇಳದಿದ್ದುದನ್ನು ಅವಳು ಅವನಿಗೆ ಹೇಳಿದಳು.

ಅಣ್ಣ. ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಕುಡಿತಕ್ಕೆ ಬಿದ್ದ. ಒಂದು ದಿನ ಬಾಗಿಲಿಗೆ ಅಡ್ಡ ನಿಂತ ಅಮ್ಮನನ್ನು ತಳ್ಳಿದ. ಅಮ್ಮನ ಕೈ ಮುರಿಯಿತು. 'ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ' ಎಂದರು ಅಮ್ಮ. ಅವನು ಹತ್ತಲಿಲ್ಲ. ಈ ಊರ ಬೀದಿಗಳಲ್ಲೇ ಮಲಗುತ್ತಾನೆಂದು ಆಮೇಲೆ ಯಾರೋ ಹೇಳಿದ್ದರು.

"ಮತ್ತೆ... ನಿಮ್ಮಣ್ಣ ಹಡಗಲ್ಲಿ ಕೆಲ್ಸ ಮಾಡ್ತಾರೆ ಅಂತ ಚರ್ಚಲ್ಲಿ ನಿಮ್ಮಮ್ಮ..."

"ಅಮ್ಮ ಹೇಳಿದ ಸುಳ್ಳು. ಸಂಡೇ ಸ್ಕೂಲಲ್ಲಿ ಮಕ್ಕಳಿಗೆ ಬುದ್ಧಿ ಹೇಳೋರು ಅವರು. ಸ್ವಂತ ಮಗ ಬೀದೀಲಿದ್ದಾನೆ ಅಂತ ಯಾವ ಬಾಯಲ್ಲಿ ಹೇಳ್ತಾರೆ? ನೀವು ಯಾರಿಗೂ ಹೇಳಬೇಡಿ. ಪ್ಲೀಸ್..."

"ಇಲ್ಲಾರೀ. ಆಣೆ ಇಡಬಾರದು ಅಂತ ಬೈಬಲಲ್ಲಿ ಕಲಿತಿದ್ದೀನಿ. ಆದ್ರೆ ಹೇಳಲ್ಲ."

ಅವನು ನಿಜವಾಗಿಯೂ ಯಾವ ಮನುಷ್ಯನಿಗೂ ಹೇಳಲಿಲ್ಲ. ತೊಂದರೆಯಾದದ್ದು ಅಲ್ಲೇ!

ಆ ಚರ್ಚಿನಲ್ಲಿ ಒಂದು ಪದ್ಧತಿಯಿತ್ತು. ಭಾನುವಾರದ ಆರಾಧನೆಯಲ್ಲಿ ಪಾಸ್ಟರ್ ಮೊದಲು ಕಾಯಿಲೆಯವರಿಗಾಗಿ, ಆಮೇಲೆ ಸಮುದ್ರದ ಮೇಲೆ ದುಡಿಯುವವರಿಗಾಗಿ ಪ್ರಾರ್ಥಿಸುತ್ತಿದ್ದರು. ಆ ಎರಡನೆಯದು ಶುರುವಾದದ್ದೇ ಅಮ್ಮನ ಸುಳ್ಳಿನಿಂದ. "ಕರ್ತನೇ, ಅಲೆಗಳ ನಡುವೆ ಇರುವ ನಿನ್ನ ಮಗನನ್ನು ಕಾಪಾಡು" ಎಂದು ಅವರು ಹೇಳಿದಾಗ ಇಡೀ ಸಭೆ "ಆಮೆನ್" ಎನ್ನುತ್ತಿತ್ತು. ಅಮ್ಮನೂ ಅನ್ನಬೇಕಿತ್ತು. ಪ್ರತಿ ವಾರ, ಎಲ್ಲರ ಜೊತೆ, ತಾನೇ ಕಟ್ಟಿದ ಸುಳ್ಳಿಗೆ! ಆಮೇಲೆ ಯಾರು ಬೇಕಾದರೂ ಎದ್ದು ನಿಂತು ತಮ್ಮ ಮನಸ್ಸಿನ ಪ್ರಾರ್ಥನೆ ಮಾಡಬಹುದಿತ್ತು.

ಆ ಭಾನುವಾರ ಲಿಫ್ಟ್ ಮೆಕ್ಯಾನಿಕ್‌ಗೆ 'ಆಮೆನ್' ಬಾಯಿಗೆ ಬರಲಿಲ್ಲ. ಅಷ್ಟೂ ಜನ ಸಮುದ್ರದ ಕಡೆ ನೋಡಿ ಬೇಡುತ್ತಿದ್ದಾರೆ, ಆ ಮನುಷ್ಯ ಇಲ್ಲೇ ಯಾವುದೋ ಅಂಗಡಿ ಮೆಟ್ಟಿಲ ಮೇಲೆ ಬಿದ್ದಿದ್ದಾನೆ... ಅವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ. ಕಣ್ಣು ಮುಚ್ಚಿದ.

"ತಂದೆಯೇ, ಅವನು ಹಡಗಿನಲ್ಲಿಲ್ಲ ಅಂತ ನಿನಗೆ ಗೊತ್ತು. ಕುಡಿತಕ್ಕೆ ಸಿಕ್ಕಿ ಈ ಊರ ಬೀದಿಯಲ್ಲೇ ಮಲಗ್ತಿದ್ದಾನೆ. ತಾಯಿ ಮೇಲೆ ಕೈ ಮಾಡಿದ್ದನ್ನ ಕ್ಷಮಿಸು. ತಂಗಿ ಹುಡುಕ್ತಿದ್ದಾಳೆ. ಅವನನ್ನ ಮನೆಗೆ ಕರ್ಕೊಂಡು ಬಾ..."

ಕಣ್ಣು ಮುಚ್ಚಿದ್ದವನಿಗೆ ಎದುರಿಗೆ ದೇವರೊಬ್ಬನೇ ಇದ್ದ. ಕಣ್ಣು ತೆರೆದಾಗ ಇಡೀ ಸಭೆ ಎರಡನೇ ಸಾಲಿನ ಕಡೆ ತಿರುಗಿತ್ತು.

ಅಮ್ಮ ಎದ್ದರು. ಯಾರ ಮುಖವನ್ನೂ ನೋಡದೆ ನಡುದಾರಿಯಲ್ಲಿ ಮಂಡಿನೋವಿಗೆ ಕುಂಟುತ್ತಾ ಬಾಗಿಲವರೆಗೆ ನಡೆದು ಹೊರಟುಹೋದರು.

ಅವನು ಹಿಂದೆಯೇ ಓಡಿಬಂದ. ಚರ್ಚಿನ ಮೆಟ್ಟಿಲ ಮೇಲೆ ಅವಳು ತಡೆದಳು.

"ಅಲ್ಲೇ ನಿಲ್ಲಿ!"

"ರೀ, ನಾನು ಪ್ರಾರ್ಥನೆ ಮಾಡಿದ್ದು ಅಷ್ಟೇ..."

"ಅಷ್ಟೇನಾ? ಅಮ್ಮಂಗೆ ಉಳಿದಿದ್ದು ಅದೊಂದು ಹಡಗು. ಅದನ್ನೂ ಮುಳುಗಿಸಿಬಿಟ್ರಲ್ಲ! ದೇವರಿಗೆ ಮೊದಲೇ ಗೊತ್ತಿತ್ತು ಅಂದ್ರಲ್ಲ, ಮತ್ತೆ ಯಾರಿಗೆ ಹೇಳಿದ್ರಿ ನೀವು?"

ಅವನು ಒಂದು ಮೆಟ್ಟಿಲು ಕೆಳಗಿಳಿದ. ಅವಳು ಕೈ ಅಡ್ಡ ಹಿಡಿದಳು.

"ಇನ್ಮೇಲೆ ನಂಗೆ ಮುಖ ತೋರಿಸ್ಬೇಡಿ."

ಹೇಳಿ ತಿರುಗಿ, ಅಮ್ಮ ಹೋದ ದಾರಿಯಲ್ಲೇ ನಡೆದಳು. ಜಗತ್ತಿನಲ್ಲಿ ಅವಳು ನಂಬಿ ಬಾಯಿಬಿಟ್ಟದ್ದು ಒಬ್ಬನ ಮುಂದೆ. ಅದೂ ಹೀಗಾಯಿತು.

ಅಮ್ಮ ಚರ್ಚಿಗೆ ಹೋಗುವುದನ್ನು ಬಿಟ್ಟರು. ಮಗಳ ಜೊತೆ ಮಾತೂ ಬಿಟ್ಟರು. ಮನೆಯಲ್ಲಿ ತಟ್ಟೆ ಲೋಟದ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅವಳು ಬಟ್ಟೆ ಆಲ್ಟರೇಶನ್ ಮಾಡುವ ಅಂಗಡಿಯಲ್ಲಿ ಮಿಷನ್ ಮುಂದೆ ತಲೆ ತಗ್ಗಿಸಿ ಕೂತುಬಿಡುತ್ತಿದ್ದಳು. ಎಷ್ಟೋ ಸಲ ಹೊಲಿಗೆ ತಪ್ಪಿ ಬಿಚ್ಚಿ ಹೊಲಿದಳು.

ಹಾಗೆ ಕೂತಿದ್ದ ಒಂದು ಬೆಳಿಗ್ಗೆ ಸೂಪ್ ಆಂಟಿ ಅಂಗಡಿಗೆ ಬಂದರು. ಮೈಮೇಲೆ ಇನ್ನೂ ಆಸ್ಪತ್ರೆಯ ಸಮವಸ್ತ್ರ.

"ಎದ್ದೇಳಮ್ಮ. ನಮ್ಮ ವಾರ್ಡಿಗೆ ಹೆಸರು ಹೇಳದ ಒಬ್ಬನ್ನ ತಂದು ಹಾಕಿದ್ದಾರೆ. ಥೇಟ್ ನಿನ್ನ ಮೂಗು, ನಿನ್ನ ಕಣ್ಣು."

ಅವಳು ಕತ್ತರಿ ಕೆಳಗಿಟ್ಟು ಎದ್ದಳು.

"ಬದುಕಿದ್ದಾನಾ?"

"ಇದ್ದಾನೆ... ಲಿವರ್ ಪೂರ್ತಿ ಹೋಗಿದೆಯಂತೆ. ಬೇಗ ನಡಿ." ದಾರಿಯಲ್ಲಿ ಆಂಟಿ ಮೆಲ್ಲಗೆ ಸೇರಿಸಿದರು. "ಆ ಪ್ರಾರ್ಥನೆಗೆ ಮೊದಲಾಗಿದ್ರೆ ನಾನು ನೋಡಿಯೂ ಸುಮ್ಮನಾಗ್ತಿದ್ದೆ. ನಿನ್ನ ಅಣ್ಣ ಹಡಗಲ್ಲಿದ್ದಾನೆ ಅಂತ ತಾನೇ ನಂಬಿದ್ದು?"

ಹೌದು, ಅವನೇ. ಹಳದಿ ತಿರುಗಿದ ಕಣ್ಣು, ಊದಿದ ಹೊಟ್ಟೆ, ಕಡ್ಡಿಯಂಥ ಕೈ. ತಂಗಿಯನ್ನು ನೋಡಿ ಗುರುತು ಹಿಡಿದ. ಹೊದಿಕೆಯನ್ನು ಮುಖದ ಮೇಲೆಳೆದುಕೊಂಡ.

"ಅಮ್ಮಂಗೆ ಹೇಳಬೇಡ ಪುಟ್ಟಿ..."

ಹೇಳದೆ ಇರಲಾದೀತೇ? ಮಧ್ಯಾಹ್ನಕ್ಕೆ ಅಮ್ಮ ಆಸ್ಪತ್ರೆಯ ಬಾಗಿಲಲ್ಲಿದ್ದರು. ಆದರೆ ವಾರ್ಡು ಇದ್ದದ್ದು ಮೇಲಿನ ಮಹಡಿಯಲ್ಲಿ, ಲಿಫ್ಟು ಕೆಟ್ಟು ನಿಂತಿತ್ತು. ಅಮ್ಮನ ಮಂಡಿಗಳಿಗೆ ಅಷ್ಟು ಮೆಟ್ಟಿಲು ಸಾಧ್ಯವೇ ಇರಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತರು.

"ದೇವರೇ ಬೇಡ ಅಂತಿದ್ದಾನೆ. ನಡಿ, ಮನೆಗೆ ಹೋಗೋಣ."

ಅಮ್ಮ ಹೆದರಿದ್ದಾರೆ, ಅಷ್ಟೇ. ಈಗ ಹಿಂದಿರುಗಿದರೆ ಮತ್ತೆ ಬರುವುದಿಲ್ಲ. ಮೇಲಿರುವವನಿಗೆ ಅಷ್ಟು ಸಮಯವೂ ಇಲ್ಲ... ಅವಳು ಫೋನ್ ತೆಗೆದಳು. ಮುಖ ತೋರಿಸಬೇಡಿ ಎಂದು ತಾನು ಯಾರಿಗೆ ಹೇಳಿದ್ದಳೋ ಅವನಿಗೇ ಮಾಡಿದಳು.

"ದೊಡ್ಡಾಸ್ಪತ್ರೆ ಲಿಫ್ಟ್ ಕೆಟ್ಟಿದೆ. ಅಣ್ಣ ಮೇಲಿದ್ದಾನೆ. ಅಮ್ಮ ಕೆಳಗಿದ್ದಾರೆ."

"ಬಂದೆ."

ಬಂದವನು ಅವಳ ಕಡೆ ನೋಡಲಿಲ್ಲ. ಆ ಲಿಫ್ಟು ಅವನ ಕಂಪನಿಯೇ ನೋಡಿಕೊಳ್ಳುವಂಥದ್ದು. ಬಾಗಿಲು ಪೂರ್ತಿ ಮುಚ್ಚಿಕೊಳ್ಳದಿದ್ದರೆ ಲಿಫ್ಟು ಹೊರಡುವುದಿಲ್ಲ. ಮೇಲೆ ಹತ್ತಿ ಹೋಗಿ, ಬಾಗಿಲು ಜಾರುವ ತೋಡಿನಲ್ಲಿ ಸಿಕ್ಕಿಕೊಂಡಿದ್ದ ಬ್ಯಾಂಡೇಜ್ ಚೂರನ್ನು ಕಿತ್ತು ತೆಗೆದ, ಬಾಗಿದ್ದ ಪಟ್ಟಿಯನ್ನು ತಟ್ಟಿ ನೇರ ಮಾಡಿದ. ಲಿಫ್ಟು ನರಳುತ್ತಾ ಕೆಳಗಿಳಿಯಿತು.

ಅಮ್ಮನ ಎದುರಿಗೆ ಬಂದು ನಿಂತ.

"ಅಮ್ಮ, ನನ್ನಿಂದ ತಪ್ಪಾಯ್ತು..."

"ಮೊದಲು ಮೇಲೆ ಕರ್ಕೊಂಡು ಹೋಗಪ್ಪ," ಎಂದರು ಅಮ್ಮ. "ಬೈಯೋದು ಆಮೇಲೆ ಇದ್ದೇ ಇದೆ."

ಮೇಲೆ ಅಮ್ಮ ಮಂಚದ ಪಕ್ಕ ಕೂತರು. ಮಗನ ಹೊದಿಕೆ ಸರಿಪಡಿಸಿದರು. ಅಣ್ಣನೇ ಮೊದಲು ತುಟಿ ಬಿಚ್ಚಿದ.

"ಅಮ್ಮಾ... ಕೈ ನೋವು ಹೋಯ್ತಾ?"

"ಯಾವತ್ತೋ ಹೋಯ್ತು ಕಂದ. ನೆನಪೂ ಇಲ್ಲ."

ಗೋಡೆಗೊರಗಿ ನಿಂತಿದ್ದ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಕೈ ಇವತ್ತಿಗೂ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಅಮ್ಮನ ರವಿಕೆಗಳ ಒಂದು ತೋಳನ್ನು ಮಾತ್ರ ಅಗಲವಾಗಿ ಹೊಲಿಯುವವಳು ಅವಳೇ ಅಲ್ಲವೇ?

ಅಣ್ಣ ಆ ವಾರ ದಾಟಲಿಲ್ಲ. ಅಮ್ಮ ಚಮಚದಲ್ಲಿ ನೀರು ಕುಡಿಸುತ್ತಿರುವಾಗಲೇ ಹೋದ. ಬಾಯೊಳಗೆ ಹೋದ ನೀರು ಹಾಗೇ ಹೊರಗೆ ಬಂದಾಗ ಅಮ್ಮನಿಗೆ ಗೊತ್ತಾಯಿತು.

ಸಮಾಧಿಗೆ ಮುಂಚೆ ಪಾಸ್ಟರ್ ತಗ್ಗಿದ ದನಿಯಲ್ಲಿ, "ಏನಂತ ಹೇಳಲಮ್ಮ?" ಎಂದು ಕೇಳಿದರು.

"ಇದ್ದದ್ದನ್ನೇ ಹೇಳಿ. ಬೀದೀಲಿದ್ದ ಅಂತ ಹೇಳಿ. ನನ್ನ ಮಗ ಅಂತಲೂ ಹೇಳಿ."

ಮುಂದಿನ ಶನಿವಾರ ಅವಳು ಹಾಲ್‌ಗೆ ಹೋದಳು. ಇನ್ನು ಯಾರ ಮುಖವನ್ನೂ ಹುಡುಕಬೇಕಾಗಿರಲಿಲ್ಲ. ಆದರೂ ಪ್ರತಿಯೊಬ್ಬರ ಮುಖ ನೋಡಿಯೇ ಬಡಿಸಿದಳು. ಇವರಿಗೂ ಎಲ್ಲೋ ಒಬ್ಬ ತಂಗಿ ಇರಬಹುದು ಅನ್ನಿಸಿ ಕೈ ಭಾರವಾಗುತ್ತಿತ್ತು. ಎಲ್ಲರೂ ಹೋದ ಮೇಲೆ ಅವನು ಬೆಂಚುಗಳನ್ನು ಗೋಡೆಗೆ ಸರಿಸುತ್ತಿದ್ದ. ಅವಳೇ ಹತ್ತಿರ ಹೋದಳು.

"ಅಣ್ಣ ಸಿಕ್ಕಿದ ಅಂತ ನೀವು ಮಾಡಿದ್ದು ಸರಿ ಆಗಿಬಿಡಲ್ಲ."

"ಗೊತ್ತು."

"ಸಿಟ್ಟು ಇನ್ನೂ ಇದೆ."

"ಇರಲಿ. ಇರಬೇಕು ಕೂಡ."

"ನೀವು ಆಮೇಲೆ ಸಭೆಯಲ್ಲಿ ಪ್ರಾರ್ಥನೆಗೆ ಎದ್ದೇ ಇಲ್ವಂತೆ. ಆಂಟಿ ಹೇಳಿದ್ರು."

ಅವನು ಬೆಂಚನ್ನು ಕೆಳಗಿಟ್ಟ. ಕತ್ತು ಕೆಳಗೆ ಹಾಕಿ ನಿಂತ.

"ಒಬ್ಬಳು ನಂಬಿ ಹೇಳಿದ್ದನ್ನ ಉಳಿಸ್ಕೊಳ್ಳೋಕೆ ಬರದವನು ನಾನು. ಈ ಬಾಯಲ್ಲಿ ಏನಂತ ಬೇಡ್ಕೊಳ್ಳಲಿ?" ತಲೆಯೆತ್ತಿ, "ರೀ... ಇನ್ನೊಂದು ಮಾತಿದೆ. ತುಂಬಾ ದಿನದಿಂದ ಮನಸ್ಸಲ್ಲೇ ಇದೆ. ಯಾರಿಗೂ ಹೇಳಿಲ್ಲ. ದೇವರ ಹತ್ರಾನೂ ಬಾಯಿ ಬಿಟ್ಟಿಲ್ಲ."

"ದೇವರ ಹತ್ರಾನೂನಾ? ಯಾಕೆ?"

"ನಿಮ್ಮ ವಿಷಯ ಅಲ್ವಾ? ಮೊದಲು ನಿಮ್ಮನ್ನ ಕೇಳ್ಬೇಕು ಅನ್ನಿಸ್ತು."

ಅಣ್ಣನನ್ನು ಮಣ್ಣು ಮಾಡಿದ ದಿನವೂ ಹೊರಬಾರದಿದ್ದ ಅಳು ಈಗ ಉಕ್ಕಿ ಬಂತು. ಅವಳು ಅವನ ಗ್ರೀಸು ಮೆತ್ತಿದ ಕೈಯನ್ನು ಎರಡೂ ಕೈಗಳಿಂದ ಹಿಡಿದು, ಅದರ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅಲುಗಾಡದೆ ನಿಂತಿದ್ದ.

ಅಳು ಇಳಿದ ಮೇಲೆ ಅವಳು ತಲೆಯೆತ್ತಿದಳು.

"ಹೇಳು," ಎಂದಳು. ಮೊದಲ ಸಲ ಅವನಿಗೆ ಏಕವಚನ. "ಮೆಲ್ಲಗೆ ಹೇಳು. ನಂಗೊಬ್ಬಳಿಗೇ ಕೇಳೋ ಹಾಗೆ."

ಅವನು ಅವಳ ಕಿವಿಯ ಹತ್ತಿರ ಬಾಗಿ ಮನಸ್ಸಿನ ಮಾತು ಹೇಳಿದ. ಆಮೇಲೆ ಕೇಳಿದ.

"...ಈಗ ದೇವರಿಗೆ ಹೇಳಬಹುದಾ?"

"ಹ್ಞೂಂ," ಎಂದಳು ಅವಳು. "ಇಬ್ಬರೂ ಸೇರಿ ಹೇಳೋಣ."