ಇಂಟರ್ವಲ್ ಆದಮೇಲೆ

ಅಂಬಿಗನ ನಾಟಕದ ಕೊನೆಯಲ್ಲಿ ಆ ಹೆಂಗಸು ಹೊಳೆಗೆ ಬಿದ್ದು ಸಾಯುತ್ತಾಳೆ ಎಂದು ಶಾಲಿನಿ ಹೇಳಿದಾಗ ಗಂಗಾಶ್ರೀ ನಂಬಲಿಲ್ಲ.

ಶಿಕಾರಿಪುರದ ಒಂದು ಲ್ಯಾಬಿನಲ್ಲಿ ಇಬ್ಬರೂ ಕೆಲಸಕ್ಕಿದ್ದರು. ಶಾಲಿನಿ ರಕ್ತ ತೆಗೆಯುವವಳು, ಗಂಗಾಶ್ರೀ ಕೌಂಟರಿನಲ್ಲಿ ಕೂತು ಹೆಸರು ಕೂಗುವವಳು. ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಸೊರಬದ ನಾಟಕಗಳ ಮಾತು ಬಂದಿತ್ತು.

"ಸಾಯಲ್ಲ ಕಣೇ. ಅಂಬಿಗ ಅವಳ ಕೈಗೇ ಹುಟ್ಟು ಕೊಡ್ತಾನೆ. ಅವಳೇ ದೋಣಿ ನಡೆಸ್ಕೊಂಡು ಆಚೆ ದಡಕ್ಕೆ ಹೋಗ್ತಾಳೆ."

"ಯಾರು ಹೇಳಿದ್ರು ನಿಂಗೆ? ನಮ್ಮನೆಯವ್ರು ಬೈಕಲ್ಲಿ ಹೋಗಿ ಕೊನೇ ತನಕ ಕೂತು ನೋಡಿ ಬಂದಾರೆ. ಹೆಣ ಎತ್ತೋ ಸೀನಿಗೆ ಅತ್ತೂ ಬಂದಾರೆ."

ಅದರ ಹಿಂದಿನ ನಾಟಕದ ಸೊಸೆ ಏನಾದಳು ಎಂದು ಕೇಳಿದಳು ಗಂಗಾಶ್ರೀ. ಅವಳು ವಿಷ ಕುಡಿದಳಂತೆ. ಅದಕ್ಕೂ ಹಿಂದಿನ ನಾಟಕದ ಟೀಚರಮ್ಮ ಗಂಡನ ಪಾದ ಹಿಡಿದು ಪ್ರಾಣ ಬಿಟ್ಟಳಂತೆ. ರೊಟ್ಟಿಯ ಚೂರು ಗಂಗಾಶ್ರೀಯ ಕೈಯಲ್ಲೇ ಉಳಿಯಿತು. ಅವಳಿಗೆ ಗೊತ್ತಿದ್ದ ಕಥೆಯಲ್ಲಿ ಸೊಸೆ ಹೊಲಿಗೆ ಮಷಿನ್ನು ಹೇರಿಕೊಂಡು ಬಸ್ಸು ಹತ್ತಿದ್ದಳು. ಟೀಚರಮ್ಮ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋಗಿದ್ದಳು.

ಹಾಗೆಂದು ಹೇಳಿದವನು ಮಾಲತೇಶ್.

ಮಾಲತೇಶ್ ಸೊರಬದಲ್ಲಿ ಫೋಟೊ ಸ್ಟುಡಿಯೊ ಇಟ್ಟವನು. ಕಿವಿಯ ಮೇಲೆ ನರೆ ಇಣುಕಿದ್ದರೂ ಇನ್ನೂ ಊರವರ ಮದುವೆಗಳ ವಿಡಿಯೊ ಮಾಡಿಕೊಂಡೇ ಇದ್ದವನು. ಜೊತೆಗೆ ಒಂದು ಯೂಟ್ಯೂಬ್ ಚಾನೆಲ್ಲು ನಡೆಸುತ್ತಿದ್ದ. ಲೋಕದ ದೊಡ್ಡ ಊರುಗಳಲ್ಲಿ ಜನ ತಮ್ಮ ಸಂಜೆಯನ್ನು ಹೇಗೆ ಕಳೆಯುತ್ತಾರೆ ಎಂಬುದೇ ಅದರ ವಿಷಯ. ಅವನು ಬರೆದು ಕಳಿಸುವುದನ್ನು ಗಂಗಾಶ್ರೀ ಓದಿ, ದನಿ ಮುದ್ರಿಸಿ ಕಳಿಸುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳಿದ್ದದ್ದು ಶಿಕಾರಿಪುರದ ಒಂದು ಬಾಡಿಗೆ ಕೋಣೆಯಲ್ಲಿ. ಹೊರಗಿನ ಸದ್ದು ಬೀಳಬಾರದೆಂದು ರಗ್ಗು ಹೊದ್ದುಕೊಂಡು, ಬೆವರುತ್ತ, ಮ್ಯಾಡ್ರಿಡ್ಡಿನ ಜನ ಹತ್ತು ಗಂಟೆಗೆ ಊಟಕ್ಕೆ ಕೂರುವುದನ್ನು ಓದುತ್ತಿದ್ದಳು. ಬ್ಯೂನಸ್ ಐರಿಸ್ಸಿನಲ್ಲಿ ನಾಟಕ ಬಿಟ್ಟ ಮೇಲೆ ಜನ ಪಿಜ್ಜಾ ಅಂಗಡಿಗೆ ನುಗ್ಗುವುದನ್ನು, ಇಸ್ತಾಂಬುಲಿನ ದೋಣಿಯಲ್ಲಿ ಚಹಾದ ಗ್ಲಾಸು ಹಿಡಿದು ದೀಪ ನೋಡುತ್ತ ಕೂರುವುದನ್ನು ಓದುತ್ತಿದ್ದಳು.

ಅಷ್ಟರಲ್ಲಿ ಹೊರಗೆ ಮನೆಯ ಒಡತಿ ಲೋಕಮ್ಮ ಗೇಟಿಗೆ ಬೀಗ ಹಾಕುತ್ತಿದ್ದಳು. ಒಂಬತ್ತಾದ ಮೇಲೆ ಬಂದ ಬಾಡಿಗೆಯವಳು ಬೇರೆ ಮನೆ ನೋಡಿಕೊಳ್ಳಬೇಕು. ಲೋಕಮ್ಮ ಕೆಟ್ಟವಳೇನಲ್ಲ. ಊರು ಅವಳ ಕೈಗೆ ಬೀಗ ಕೊಟ್ಟಿತ್ತು, ಅವಳು ಹಾಕುತ್ತಿದ್ದಳು.

ಇಂಥ ಆರಾಮದ ದನಿ ಎಲ್ಲೂ ಕೇಳಿಲ್ಲ ಎಂದು ನೋಡುಗರು ಕಾಮೆಂಟು ಹಾಕುತ್ತಿದ್ದರು. ಅದು ಆರಾಮವಲ್ಲ, ದಿನವಿಡೀ ಹೆಸರು ಕೂಗಿ ಸವೆದ ದನಿ ಎಂದು ತಿಳಿದವನು ಮಾಲತೇಶ್ ಒಬ್ಬನೇ. "ಇವತ್ತು ಬೇಡ ಬಿಡ್ರೀ, ಪ್ಯಾರಿಸ್ಸು ನಾಳೆಗೂ ಇರ್ತದೆ" ಎಂದು ಎಷ್ಟೋ ಸಲ ಮೆಸೇಜು ಹಾಕಿದ್ದ. ಆ ಒಂದು ಸಾಲನ್ನು ದಿಂಬಿನ ಪಕ್ಕ ಇಟ್ಟುಕೊಂಡು ಅವಳು ಮಲಗಿದ್ದಿದೆ.

ಸೊರಬದ ಕಲಾಸಂಘದವರು ತಿಂಗಳಿಗೊಂದು ಭಾನುವಾರ ಸಂಜೆ ನಾಟಕ ಆಡಿಸುತ್ತಿದ್ದರು. ಊರೂರಿನ ನಾಟಕದ ಬಗ್ಗೆ ಓದುತ್ತೀರಿ, ಒಂದನ್ನಾದರೂ ನೋಡಿ ಎಂದು ಅವನೇ ಕರೆದಿದ್ದ. ಗಂಡಸರ ಕುರ್ಚಿಗಳು ಆ ಕಡೆ, ಹೆಂಗಸರವು ಈ ಕಡೆ, ನಡುವೆ ಓಡಾಡುವ ದಾರಿ. ನಗುವ ಮಾತು ಬಂದಾಗಲೆಲ್ಲ ಇಬ್ಬರ ಕತ್ತೂ ಒಟ್ಟಿಗೇ ತಿರುಗುತ್ತಿದ್ದವು. ಅವನು ಮೊದಲು ಅವಳು ನಕ್ಕಳೇ ಎಂದು ನೋಡಿ ಆಮೇಲೆ ನಗುತ್ತಿದ್ದ. ಅದನ್ನು ಕಂಡುಹಿಡಿದ ಮೇಲೆ ಅವಳು ಬೇಕೆಂದೇ ನಗು ತಡೆದು ಅವನನ್ನು ಕಾಯಿಸುತ್ತಿದ್ದಳು. ಇಡೀ ತಿಂಗಳಿನ ದಣಿವಿಗೆ ಅಷ್ಟೇ ಔಷಧಿ.

ಇಂಟರ್ವಲ್ ಬಂತೆಂದರೆ ಹೆಂಗಸರು ಚಪ್ಪಲಿ ತಡಕುತ್ತ ಏಳುತ್ತಿದ್ದರು. ಮನೆಯಲ್ಲಿ ಅಡಿಗೆಯಿದೆ, ಅತ್ತೆಯಿದ್ದಾಳೆ, ಆನವಟ್ಟಿಯ ಬಸ್ಸಿದೆ. ಶಿಕಾರಿಪುರದ ಕೊನೆಯ ಬಸ್ಸೂ ಆಗಲೇ. ನಾಟಕದ ತುಂಬ ಹೆಂಗಸಿನ ಕಣ್ಣೀರು. ಆ ಕಣ್ಣೀರಿನ ಗತಿ ಏನಾಯಿತೆಂದು ನೋಡುವ ಹಕ್ಕು ಮಾತ್ರ ಗಂಡಸರದು.

ಉಳಿದರ್ಧವನ್ನು ಮರುದಿನ ಮಾಲತೇಶ್ ವಾಯ್ಸ್ ನೋಟಿನಲ್ಲಿ ಹೇಳುತ್ತಿದ್ದ.

ಅದೆಲ್ಲ ಸುಳ್ಳು. ತನ್ನ ಒಂಟಿತನ ಕಂಡು ಮಗುವಿಗೆ ಪೆಪ್ಪರಮೆಂಟು ಕೊಟ್ಟಂತೆ ಕೊಟ್ಟನೇ ಎಂದು ಗಂಗಾಶ್ರೀ ಒಳಗೇ ಕುದ್ದಳು. ಅವನು ಕಳಿಸಿದ ಲಿಸ್ಬನ್ನನ್ನು ಓದಲಿಲ್ಲ. ಹುಷಾರಾಗಿದ್ದೀರಾ ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಮುಂದಿನ ನಾಟಕದ ದಿನ ಮಾತ್ರ ಸೊರಬದ ಬಸ್ಸು ಹತ್ತಿದಳು.

ಸಭಾಂಗಣದ ಹೊರಗೆ ಚಹಾದಂಗಡಿಯ ಹತ್ತಿರ ಅವನು ನಿಂತಿದ್ದ. ಕಂಡದ್ದೇ ಮುಖ ಅರಳಿತು. ಅವಳ ಮುಖ ಅರಳದಿದ್ದದ್ದು ಕಂಡು ಬಾಡಿತು.

"ಹೊಳೇಲಿ ಸತ್ತವಳ ಕೈಗೆ ಹುಟ್ಟು ಯಾಕೆ ಕೊಟ್ರಿ?"

ಅವನು ಗ್ಲಾಸನ್ನು ಕಟ್ಟೆಯ ಮೇಲಿಟ್ಟ.

"ಅವಳು ಸತ್ತಿದ್ದು ನಂಗೂ ಗೊತ್ತಿಲ್ರೀ. ನಾನೂ ಕೊನೆ ನೋಡಿಲ್ಲ."

"ಅಂದ್ರೆ?"

"ನೀವು ಬಸ್‌ ಸ್ಟ್ಯಾಂಡಿಗೆ ಹೋಗೋವಾಗ ದೂರದಿಂದ ಹಿಂದೇನೇ ಬರ್ತಿದ್ದೆ. ಜೊತೆಗೆ ಬಂದ್ರೆ ನಾಲ್ಕು ಜನ ನಿಮ್ಮನ್ನ ಅಂತಾರೆ ಅಂತ. ಬಸ್ಸು ಹೊರಟ ಮೇಲೆ ವಾಪಸ್ ಬಂದು ಕೂತ್ಕೊಳ್ಳೋಕೆ ಮನಸ್ಸೇ ಬರ್ತಿರಲಿಲ್ಲ. ಅದಕ್ಕೆ ಮನೇಲಿ ಕೂತು ಕಟ್ಟಿ ಹೇಳ್ತಿದ್ದೆ. ಯಾರನ್ನಾದ್ರೂ ಸಾಯ್ಸೋಣ ಅಂದ್ರೆ ನಿಮ್ಮ ಮುಖ ಬರ್ತಿತ್ತು."

ಇಂಥ ಮಾತಿಗೆ ಕರಗಬೇಕಿತ್ತು. ಕರಗಲೂ ಹೊರಟಿದ್ದಳು. ಆದರೆ ಆ ದಾರಿ, ದೀಪವಿಲ್ಲದ ಆ ತಿರುವು ನೆನಪಾಯಿತು.

"ಆ ಚಪ್ಪಲಿ ಸದ್ದು ನಿಮ್ಮದಾ?" ದನಿ ಸಣ್ಣಗಾಯಿತು. "ಪ್ರತಿ ಸಲ ಯಾರೋ ಬೆನ್ನು ಹತ್ತಿದಾನೆ ಅಂತ ಜೀವ ಕೈಲಿ ಹಿಡ್ಕೊಂಡು ನಡೀತಿದ್ದೆ ನಾನು. ತಿರುಗಿ ನೋಡೋಕೂ ಹೆದರಿಕೆ."

ತನ್ನ ಪ್ರೀತಿ ಅವಳ ಕಿವಿಗೆ ಏನಾಗಿ ಕೇಳಿಸಿತ್ತು ಎಂಬುದು ಮಾಲತೇಶನ ಮುಖದ ಮೇಲೆ ನಿಧಾನಕ್ಕೆ ಇಳಿಯಿತು.

"ತಪ್ಪಾಯ್ತು" ಎಂದ.

"ನನಗೆ ಕಾವಲು ಬೇಡ್ರಿ. ಒಂದು ನಾಟಕದ ಕೊನೆ ನೋಡಬೇಕು. ನಿಮ್ಮ ಪಕ್ಕ ಕೂತು."

ಆವತ್ತು ಇಂಟರ್ವಲ್ಲಿನಲ್ಲಿ ಸಂಘದ ಅಧ್ಯಕ್ಷರಾದ ವೀರಬಸಪ್ಪನವರು ಮೈಕು ಹಿಡಿದು ವಂದನೆ ಹೇಳುತ್ತಿದ್ದರು. ಹೆಂಗಸರು ಎಂದಿನಂತೆ ಎದ್ದರು. ಗಂಗಾಶ್ರೀ ವೇದಿಕೆಯ ಮುಂದಕ್ಕೇ ಹೋಗಿ, ನಾಟಕವನ್ನು ಮಧ್ಯಾಹ್ನ ಮೂರಕ್ಕೆ ಶುರುಮಾಡಿ ಎಂದು ಕೇಳಿದಳು. ಅವರು ಸಮಾಧಾನದಿಂದಲೇ ನಕ್ಕರು. ನಾಟಕವೆಂದರೆ ಸಂಜೆಯದೇ ತಾಯಿ, ಹಗಲಲ್ಲಿ ಲೈಟಿಂಗು ಕಾಣುವುದಿಲ್ಲ ಎಂದರು.

"ಹಂಗಾದ್ರೆ ಇಂಟರ್ವಲ್ಲಿಗೇ ಹೆಂಗಸರಿಗೆ ಮುಕ್ತಾಯ ಅಂತ ಮೈಕಲ್ಲಿ ಹೇಳಿಬಿಡ್ರಿ ಸರ್. ಚಪ್ಪಲಿ ಹುಡುಕೋ ಸಂಕಟ ತಪ್ಪುತ್ತೆ."

ಮೈಕು ಆ ಮಾತನ್ನೂ ಎತ್ತಿಕೊಂಡು ಹೊರಗಿನ ರಸ್ತೆಗೆ ಮುಟ್ಟಿಸಿತು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದ ಆನವಟ್ಟಿಯ ಹೆಂಗಸೊಬ್ಬಳು, ನಾನು ಈ ಸಂಘದ ಒಂದು ನಾಟಕವನ್ನೂ ಪೂರ್ತಿ ಕಂಡವಳಲ್ಲ ಎಂದಳು. ಹಿಂದಿನ ಸಾಲಿನವರು ತಾವೂ ಇಲ್ಲ ಎಂದರು. ಗಂಡಸರ ಕಡೆಯಿಂದ ಎದ್ದು ನಿಂತವನು ಮಾಲತೇಶ್ ಒಬ್ಬನೇ. ಲೈಟಿಂಗಿಗೆ ಕಿಟಕಿಗಳಿಗೆ ಕಪ್ಪು ಬಟ್ಟೆ ತಾನು ಕಟ್ಟಿಕೊಡುತ್ತೇನೆ ಎಂದ.

ಗಂಗಾಶ್ರೀಗೆ ಉತ್ತರ ಕೇಳಲು ಪುರಸೊತ್ತಿರಲಿಲ್ಲ. ಕ್ರಾಂತಿಗೂ ಕೊನೆಯ ಬಸ್ಸು ಇರುತ್ತದೆ. ಓಡಿದಳು. ಆ ತಿರುವಿನಲ್ಲಿ ಮೊದಲ ಸಲ ಹಿಂದೆ ಯಾವ ಸದ್ದೂ ಇರಲಿಲ್ಲ. ಹಗುರವೂ ಆಯಿತು, ಏನೋ ಕಳೆದಂತೆಯೂ ಆಯಿತು.

ಒಂದು ತಿಂಗಳು ಮಾತ್ರ ನೋಡೋಣ ಎಂದು ವೀರಬಸಪ್ಪನವರು ಒಪ್ಪಿದರು. ಮುಂದಿನ ನಾಟಕದ ಭಾನುವಾರ ಮೂರಕ್ಕೆ ಪರದೆ ಎದ್ದಾಗ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಿಗಿದಿತ್ತು. ಮಾಲತೇಶ್ ತನ್ನ ಕುರ್ಚಿ ಎತ್ತಿಕೊಂಡು ದಾರಿ ದಾಟಿ ಬಂದು ಅವಳ ಪಕ್ಕ ಇಟ್ಟ. ಯಾರೋ ಕೆಮ್ಮಿದರು. ಇನ್ನ್ಯಾರೋ ಅದಕ್ಕೂ ಜೋರಾಗಿ ಕೆಮ್ಮಿದರು.

"ಇಷ್ಟು ಜನಕ್ಕೆ ಒಟ್ಟಿಗೇ ನೆಗಡಿ" ಎಂದ ಅವನು, ವೇದಿಕೆ ನೋಡುತ್ತ. ಈ ಸಲ ಅವಳು ಅವನನ್ನು ಕಾಯಿಸದೆ ನಕ್ಕಳು.

ಇಂಟರ್ವಲ್ಲಿನಲ್ಲಿ ಒಬ್ಬಿಬ್ಬರು ಬಿಟ್ಟರೆ ಯಾರೂ ಹೋಗಲಿಲ್ಲ. ಕೊನೆಯ ದೃಶ್ಯದಲ್ಲಿ ನಾಯಕಿ ಎದೆ ಹಿಡಿದುಕೊಂಡು ಕುಸಿದು, ಎಲ್ಲರನ್ನೂ ಕ್ಷಮಿಸಿ, ಬಹಳ ಹೊತ್ತು ತೆಗೆದುಕೊಂಡು ಸತ್ತಳು. ಗಂಗಾಶ್ರೀ ಕಣ್ಣು ಮಿಟುಕಿಸದೆ ನೋಡಿದಳು. ಇಷ್ಟಕ್ಕೇ ಇಷ್ಟು ವರ್ಷ ತಮ್ಮನ್ನು ಹೊರಗಿಟ್ಟಿದ್ದರಲ್ಲ ಎನ್ನಿಸಿತು.

ಹೊರಗೆ ಇನ್ನೂ ಬಿಸಿಲಿತ್ತು. ಬಸ್‌ ಸ್ಟ್ಯಾಂಡಿನ ದಾರಿ ಹಿಡಿದಾಗ ಅಭ್ಯಾಸಬಲದಿಂದ ಮಾಲತೇಶ್ ಹಿಂದೆ ಬಿದ್ದ. ಅವಳು ನಿಂತಳು. ತಿರುಗಿ ನೋಡಿದಳು. ಅವನು ಬಂದು ಸೇರುವ ತನಕ ಹೆಜ್ಜೆ ಎತ್ತಲಿಲ್ಲ.

"ಪಕ್ಕ ಬರ್ರಿ."

ಅಂಗಡಿಯವರು ನೋಡಿದರು. ನೋಡಲಿ ಎನ್ನುವಷ್ಟು ಧೈರ್ಯವೇನೂ ಇರಲಿಲ್ಲ ಅವಳಿಗೆ, ನೋಡಬೇಡಿ ಎನ್ನುವಷ್ಟು ಶಕ್ತಿಯೂ ಇರಲಿಲ್ಲ. ಅವಳ ಕೈ ಅವನ ಅಂಗಿಯ ತೋಳಿಗೆ ತಾಗಿತು, ಅಲ್ಲೇ ಉಳಿಯಿತು.

ಶಿಕಾರಿಪುರದ ಬಸ್ಸು ನಿಂತಿತ್ತು. ಪಕ್ಕದ ಕಲ್ಲುಬೆಂಚಿನ ಮೇಲೆ ಅವಳು ಕೂತಳು.

"ಹೇಳ್ರಿ, ಇವತ್ತಿನವಳು ಸಾಯದಿದ್ರೆ ಏನ್ ಮಾಡ್ತಿದ್ಲು?"

"ಎದ್ದು ಸೀರೆ ಕೊಡವಿಕೊಂಡು ಹೊರಗೆ ಬರ್ತಿದ್ಲು. ಅಲ್ಲೊಬ್ಬ ದಡ್ಡ ನಿಂತಿರ್ತಿದ್ದ. ಅವನು ನಾಚಿಕೆ ಬಿಟ್ಟು, ಜೊತೇಲಿ ಇರ್ತೀರಾ ಅಂತ ಕೇಳ್ತಿದ್ದ."

"ಅವಳು ಏನಂತಿದ್ಲು?"

"ಅದನ್ನ ನಾನು ಕಟ್ಟಲ್ಲ" ಎಂದ ಮಾಲತೇಶ್. "ಹುಟ್ಟು ಅವಳ ಕೈಲಿದೆ."

ಬಸ್ಸು ಹಾರ್ನ್ ಹೊಡೆಯಿತು. ಕಂಡಕ್ಟರು ಬಾಗಿಲಲ್ಲಿ ನೇತುಬಿದ್ದು ಶಿಕಾರಿಪುರ ಎಂದು ಕೂಗಿ, ಅವಳ ಮುಖವನ್ನೇ ನೋಡಿದ.

ಅವಳು ಕೈಯಾಡಿಸಿ ಬಸ್ಸನ್ನು ಕಳಿಸಿದಳು.

"ಹೋಗ್ಲಿ ಬಿಡ್ರಿ" ಎಂದಳು ಅವನ ಕಡೆ ತಿರುಗಿ, "ಇನ್ನೊಂದು ಬರೋ ತನಕ ಇಲ್ಲೇ ಕೂರೋಣ. ನನಗೂ ಹೇಳೋದಿದೆ."