ಮುಳುಗಮ್ಮ ಮತ್ತು ಹಲಗೆರಾಯ

"ರೀ ಸ್ವಾಮಿ! ರಿವರ್ಸ್ ತಗೊಳ್ರೀ!"

"ನೀವೇ ತಗೊಳ್ಳಿ ಮೇಡಂ. ನನ್ನ ಹಿಂದೆ ಪ್ರಪಾತ ಇದೆ!"

"ನನ್ನ ಹಿಂದೆ ಏನು ಹೂವಿನ ತೋಟ ಇದ್ಯಾ?"

ದ್ವೀಪದ ನಡುವಿನ ಗುಡ್ಡ. ಒಂದೇ ಗಾಡಿ ಹಿಡಿಸೋ ರಸ್ತೆ. ತಿರುವಿನಲ್ಲಿ ಮೂತಿಗೆ ಮೂತಿ ಕೊಟ್ಟು ನಿಂತ ಎರಡು ಜೀಪುಗಳು!

ಅವಳ ಜೀಪಿನ ತುಂಬ ನೀರೊಳಗೆ ನೋಡೋ ಕನ್ನಡಕಗಳು, ಉಸಿರಾಡೋ ಕೊಳವೆಗಳು, ಬಾತುಕೋಳಿ ಪಾದದಂಥ ರಬ್ಬರ್ ರೆಕ್ಕೆಗಳು. ಅವನ ಜೀಪಿನ ತಲೆ ಮೇಲೆ ಅಲೆ ಏರೋ ಉದ್ದುದ್ದ ಹಲಗೆಗಳು. ಅವಳು ಸ್ನಾರ್ಕ್ಲಿಂಗ್ ಕಲಿಸೋಳು, ಅವನು ಸರ್ಫಿಂಗ್ ಕಲಿಸೋಕೆ ಅಂತ ಅವತ್ತೇ ಕೆಲಸಕ್ಕೆ ಸೇರಿದೋನು. ಇಬ್ಬರಿಗೂ ಒಡತಿ ಒಬ್ಬಳೇ, ಅವಳ ಚಿಕ್ಕಮ್ಮ. ಆದರೆ ಅದು ಇಬ್ಬರಿಗೂ ಇನ್ನೂ ಗೊತ್ತಿರಲಿಲ್ಲ.

ಕೊನೆಗೆ ಅವನೇ ಸೋತ. ಸೋತ ಅಂದ್ರೆ ಏನು... ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಸಿಳ್ಳೆ ಹಾಕುತ್ತಾ ಹಿಂದಕ್ಕೆ ಹೋಗಿ ಬಂಡೆಗೆ ಒತ್ತಿ ದಾರಿ ಬಿಟ್ಟ. ಅವಳು ಪಕ್ಕದಲ್ಲಿ ಹಾದಾಗ ತಲೆ ಹೊರಗೆ ಹಾಕಿ ನಕ್ಕ.

"ಒಂದು ಥ್ಯಾಂಕ್ಸ್ ಹೇಳಿದ್ರೆ ಬಾಯಿ ಸವೆಯಲ್ಲ, ಮುಳುಗಮ್ಮ!"

"ಹೋಗಯ್ಯಾ, ಕಂಡಿದೀನಿ... ಹಲಗೆರಾಯ!"

ಆ ಹೆಸರುಗಳು ಅಂಟಿದ್ದು ಅಂಟಿದ್ದೇ.

ಈ ದ್ವೀಪದ ಕಥೆ ಸ್ವಲ್ಪ ಹೇಳ್ಬೇಕು. ಪಡುವಣದ ಗಾಳಿ ಬೀಸಿದ್ರೆ ಪಡುವಣ ದಡದಲ್ಲಿ ಆಳೆತ್ತರದ ಅಲೆ. ಮೂಡಣ ದಡದಲ್ಲಿ ನೀರು ಕನ್ನಡಿ. ಗಾಳಿ ತಿರುಗಿದ್ರೆ ಎಲ್ಲಾ ಅದಲುಬದಲು. ಅಲೆ ಇದ್ದ ಕಡೆ ಅವನಿಗೆ ಕೆಲಸ, ತಿಳಿನೀರು ಇದ್ದ ಕಡೆ ಅವಳಿಗೆ. ಎರಡೂ ದಡದಲ್ಲಿ ಚಿಕ್ಕಮ್ಮನದು ಒಂದೊಂದು ಗುಡಿಸಲು. ಅವಳು ಖಾಲಿ ಮಾಡಿದ್ದಕ್ಕೆ ಅವನು, ಅವನು ಖಾಲಿ ಮಾಡಿದ್ದಕ್ಕೆ ಅವಳು. ನಡುವೆ ಆ ಹಾಳು ಗುಡ್ಡದ ದಾರಿ, ದಾಟೋಕೆ ಅರ್ಧ ದಿನ ಬೇಕು.

ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ... ಇಲ್ಲಿ ಎಳೀತಿದ್ದದ್ದು ಸಮುದ್ರವೇ!

ಚಿಕ್ಕಮ್ಮನದು ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ದಿನಾ ಬೆಳಿಗ್ಗೆ ಇಬ್ಬರೂ ಫೋನಲ್ಲಿ ಮಾತಾಡಿ, ಇವತ್ತು ಯಾವ ಅತಿಥಿಗೆ ಯಾವ ದಡ ಅಂತ ತೀರ್ಮಾನ ಮಾಡ್ಬೇಕು.

"ನಿನ್ನ ಕಡೆ ಹೆಂಗಿದೆ ಹಲಗೆರಾಯ?"

"ಅದ್ಭುತ! ಮನೆ ಎತ್ತರದ ಅಲೆ!"

"ಅಯ್ಯೋ ಪಾಪ."

"ನಿನ್ನ ಕಡೆ?"

"ಅದ್ಭುತ! ಒಂದೇ ಒಂದು ಅಲೆ ಇಲ್ಲ."

"ಥೂ... ಅದು ಸಮುದ್ರಾನೋ, ಬಕೆಟ್ಟೋ?"

ಮೊದಮೊದಲು ಬರೀ ಜಗಳ. ಆಮೇಲೆ ಅತಿಥಿಗಳ ಲೆಕ್ಕ ಮುಗಿದ್ರೂ ಫೋನ್ ಮುಗೀತಿರಲಿಲ್ಲ. ಅಜ್ಜಿ ಮೊಮ್ಮಕ್ಕಳನ್ನ ತೆಂಗಿನ ನೆರಳಿನ ಸಣ್ಣ ಕೊಲ್ಲಿಗೆ ಕಳಿಸೋದಾ, ಹೊಸದಾಗಿ ಮುಳುಗೋರಿಗೆ ಬಿಳಿ ಮರಳಿನ ದಡ ಸಾಕಾ... ಅಂತ ಶುರುವಾದ ಮಾತು, ಹವಳದ ಸಂದಿಯಿಂದ ಇಣುಕಿದ ಹಳದಿ ಮೀನಿಗೆ ಹೋಗಿ, ಅವನು ಚಿಕ್ಕಂದಿನಲ್ಲಿ ಬಾಗಿಲ ಹಲಗೆ ಕಿತ್ಕೊಂಡು ಅಲೆಗೆ ಹಾರಿ ಅಪ್ಪನ ಕೈಲಿ ಒದೆ ತಿಂದಿದ್ದಕ್ಕೆ ಹೋಗಿ ನಿಲ್ಲೋದು.

ಗಾಳಿ ತಿರುಗಿದಾಗ ಅವಳು ಅವನು ಬಿಟ್ಟು ಹೋದ ಗುಡಿಸಲಿಗೆ ಕಾಲಿಟ್ಟಳು. ಗೋಡೆ ಉದ್ದಕ್ಕೂ ಹೊಸ ಮರದ ಗೂಟಗಳು! ಅವಳ ಕನ್ನಡಕಗಳನ್ನ ಒಣಗಿಸೋಕೆ ಅಂತಾನೇ ಹೊಡೆದದ್ದು. ಅವಳ ಕೈಗೆ ಎಟುಕೋ ಎತ್ತರದಲ್ಲಿ.

'ನನ್ನ ಎತ್ತರ ಇವನಿಗೆ ಹೇಗೆ ಗೊತ್ತು? ನೋಡಿದ್ದು ಒಂದೇ ಸಲ... ಅದೂ ಜೀಪಲ್ಲಿ ಕೂತು ಜಗಳ ಆಡ್ತಾ!'

ಅವತ್ತು ಅವಳು ಒಬ್ಬಳೇ ತುಂಬಾ ಹೊತ್ತು ನಗ್ತಾ ಕೂತಿದ್ದಳು.

ತಡೀಲಾರದೆ ಒಂದು ರಜೆಯ ದಿನ, ಹೇಳದೆ ಕೇಳದೆ ಗುಡ್ಡ ದಾಟಿ ಅವನ ದಡಕ್ಕೆ ಹೋದಳು. ಬಂಡೆ ಮರೆಯಲ್ಲಿ ನಿಂತು ನೋಡಿದಳು.

ಅಬ್ಬಾ! ಅವಳು ಯಾವತ್ತೂ 'ಕೆಟ್ಟ ಸಮುದ್ರ' ಅಂತಿದ್ದದ್ದು ಇದನ್ನೇನಾ? ಹಸಿರು ಗೋಡೆ ಥರ ಎದ್ದು ಬರ್ತಿದೆ ಅಲೆ, ಬೆಳಕು ಅದರೊಳಗಿಂದ ತೂರ್ತಿದೆ, ಅದರ ಹೆಗಲ ಮೇಲೆ ಅವನು... ಮೊಣಕಾಲು ಮಡಚಿ, ಕೈ ಚಾಚಿ, ಮನೆ ಜಗಲಿ ಮೇಲೆ ನಿಂತಷ್ಟು ಆರಾಮಾಗಿ!

ಆದರೆ ಅವಳ ಮನಸ್ಸು ಸೋತದ್ದು ಅದಕ್ಕಲ್ಲ. ಅವನ ಹತ್ರ ಕಲಿಯೋಕೆ ಬಂದ ದಪ್ಪ ಹೊಟ್ಟೆಯ ರಿಟೈರ್ಡ್ ಮೇಷ್ಟ್ರೊಬ್ಬರು ಹತ್ತಾರು ಸಲ ಬಿದ್ದು, ಕೊನೆಗೊಮ್ಮೆ ಒಂದು ಕ್ಷಣ ಹಲಗೆ ಮೇಲೆ ನಿಂತರು. ಅಷ್ಟಕ್ಕೇ ಇವನು ಎದೆಮಟ್ಟ ನೀರಲ್ಲಿ ಕುಣಿದ, ಕೂಗಿದ, ಅವರನ್ನ ಅಪ್ಪಿಕೊಂಡೇ ಬಿಟ್ಟ.

'ಮುಗೀತು ನನ್ನ ಕಥೆ' ಅಂದುಕೊಂಡಳು. ಅವನಿಗೆ ಕಾಣಿಸಿಕೊಳ್ಳದೆ ವಾಪಸ್ ಬಂದಳು.

ದಾರಿಯುದ್ದಕ್ಕೂ ಒಂದೇ ಸಂಕಟ. ಪ್ರೀತಿ ಹೇಳ್ಕೊಂಡ್ರೆ ಮುಂದೇನು? ಒಟ್ಟಿಗೆ ಬಾಳ್ಬೇಕು ಅಂದ್ರೆ ಒಬ್ಬರು ತಮ್ಮ ಸಮುದ್ರ ಬಿಡ್ಬೇಕು. ಅವನ ಕೈಯಿಂದ ಅಲೆ ಕಿತ್ಕೊಳ್ಳೋದಾ? ನಾನು ನನ್ನ ಮೀನುಗಳನ್ನ ಬಿಟ್ಟು ಬದುಕ್ತೀನಾ?

ಉತ್ತರ ಸಿಗೋ ಮೊದಲೇ ಅವನ ಫೋನ್ ಮಾತು ಚಿಕ್ಕದಾಗ್ತಾ ಬಂತು.

"ಅದ್ಭುತ. ಸರಿ, ಇಡ್ತೀನಿ. ಸ್ವಲ್ಪ ಕೆಲಸ ಇದೆ."

"ಏನು ಕೆಲಸ?"

"ಹೇಳ್ತೀನಿ... ಆಮೇಲೆ."

ಆ ಆಮೇಲೆ ಬರಲೇ ಇಲ್ಲ. ಬಂದದ್ದು ದೋಣಿಯಲ್ಲಿ ದ್ವೀಪ ಸುತ್ತಿದ ಒಂದು ಹೊಸ ಜೋಡಿ. ಅವನ ಹತ್ರ ಕಲಿತು ಇವಳ ಹತ್ರ ಬಂದೋರು.

"ನಿಮ್ಮ ಸರ್ಫಿಂಗ್ ಸರ್‌ನ ದೋಣಿಯಿಂದ ನೋಡಿದ್ವಿ ರೀ," ಅಂದಳು ಹುಡುಗಿ. "ಉತ್ತರದ ದಡದಲ್ಲಿ. ದೊಡ್ಡ ಟೋಪಿ ಹಾಕ್ಕೊಂಡ ಒಬ್ಬರ ಕೈ ಹಿಡ್ಕೊಂಡು ಓಡಾಡ್ತಿದ್ರು. ನಿನ್ನೇನೂ ಅಷ್ಟೇ, ಬೇರೆ ದಡದಲ್ಲಿ! ಎಷ್ಟು ಚೆಂದ ಅಲ್ವಾ?"

"ಹೌದು... ತುಂಬಾ ಚೆಂದ," ಅಂದಳು ಇವಳು. ಕನ್ನಡಕ ಹಾಕಿಕೊಂಡು ನೀರಿಗಿಳಿದಳು. ಕನ್ನಡಕದ ಒಳಗೂ ನೀರು, ಹೊರಗೂ ನೀರು.

ಮರುದಿನ ನೇರ ಚಿಕ್ಕಮ್ಮನ ಆಫೀಸಿಗೆ ಹೋದಳು. ಫ್ಯಾನಿನ ಕೆಳಗೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದಳು ಚಿಕ್ಕಮ್ಮ.

"ನಾನು ಕೆಲಸ ಬಿಡ್ತೀನಿ. ಬೇರೆ ದ್ವೀಪಕ್ಕೆ ಹೋಗ್ತೀನಿ."

"ಯಾಕೇ? ಯಾವ ಮೀನು ಕಚ್ಚಿತು?"

"ಅವನು... ಅವನು ಯಾರದ್ದೋ ಕೈ ಹಿಡ್ಕೊಂಡು ದಡ ದಡ ಸುತ್ತುತ್ತಿದ್ದಾನಂತೆ. ದೊಡ್ಡ ಟೋಪಿಯವಳು!"

ಚಿಕ್ಕಮ್ಮ ಎಣ್ಣೆ ಬಾಟಲಿ ಕೆಳಗಿಟ್ಟಳು. ಎದ್ದು, ಕುಂಟುತ್ತಾ ಬಾಗಿಲ ಹಿಂದಕ್ಕೆ ಹೋಗಿ, ಛತ್ರಿಯಷ್ಟು ಅಗಲದ ಒಂದು ಟೋಪಿ ತೆಗೆದು ತಲೆ ಮೇಲೆ ಇಟ್ಟುಕೊಂಡಳು.

"ಹಿಂಗಿದ್ಲಾ ನಿನ್ನ ಸವತಿ?"

"ಚಿಕ್ಕಮ್ಮಾ...!"

"ಮಂಕುದಿಣ್ಣೆ! ಈ ಮಂಡಿ ಇಟ್ಕೊಂಡು ಮರಳಲ್ಲಿ ನಡಿಯೋಕಾಗುತ್ತಾ? ಕೈ ಹಿಡಿದು ನಡೆಸ್ದ. ಅಲೆಯೂ ಇರಬೇಕು, ಹವಳವೂ ಇರಬೇಕು, ಒಂದೇ ಕಡೆ, ಇಬ್ಬರೂ ಅಲ್ಲೇ ಇರ್ತೀವಿ ಅಂತ ದ್ವೀಪ ಎಲ್ಲಾ ಜಾಲಾಡ್ತಿದ್ದಾನೆ ಆ ಹುಚ್ಚ. ಅಂಥ ದಡ ದೇವರು ಮಾಡಿಲ್ಲ ಕಣೋ ಅಂದೆ, ಕೇಳಲಿಲ್ಲ. ಸಿಕ್ಕಿದ ಮೇಲೇ ನಿನಗೆ ಹೇಳೋದಂತೆ!"

ಅವಳಿಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಎರಡನ್ನೂ ಮಾಡಿದಳು.

"ಈಗ ಎಲ್ಲಿದ್ದಾನೆ?"

"ದಕ್ಷಿಣದ ತುದೀಲಿ. ಕೊನೇ ದಡ. ಹೋಗು, ಅವನ ಹುಚ್ಚು ಬಿಡಿಸು... ಇಲ್ಲಾ, ನೀನೂ ಹಿಡಿಸ್ಕೋ!"

ದಕ್ಷಿಣದ ತುದಿಗೆ ಅವಳು ಯಾವತ್ತೂ ಬಂದಿರಲಿಲ್ಲ. ಎರಡು ಬಂಡೆಗಳು ತೋಳು ಚಾಚಿ ನೀರನ್ನ ತಬ್ಬಿಕೊಂಡಿದ್ವು. ಯಾವ ಗಾಳಿಯೂ ನೇರ ಬೀಳದ ಜಾಗ. ಮರಳು ಹಿಟ್ಟಿನಷ್ಟು ನುಣುಪು. ಮೇಲೆ ಮರಗಳ ನಡುವೆ ಬಾಗಿಲು ಹಾಕಿದ, ಚಿಕ್ಕಮ್ಮನದೇ ಒಂದು ಹಳೇ ಮನೆ.

ಅವನು ಸೊಂಟದ ಮಟ್ಟ ನೀರಲ್ಲಿ ನಿಂತಿದ್ದ. ಎಲ್ಲಿಂದಲೋ ತಂದ ಕನ್ನಡಕವನ್ನ ತಲೆಕೆಳಗಾಗಿ ಹಾಕಿಕೊಂಡು!

"ಅದನ್ನ ತಿರುಗಿಸಿ ಹಾಕೋ, ಹಲಗೆರಾಯ!"

ಅವನು ಬೆಚ್ಚಿಬಿದ್ದು ತಿರುಗಿದ. ಮುಖವೆಲ್ಲಾ ಕೆಂಪು.

"ಚಿಕ್ಕಮ್ಮ ಹೇಳ್ಬಿಟ್ರಾ?"

"ಎಲ್ಲಾ."

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. "ಇದು ಕೊನೇದು. ಅಲೆ ಮೊಣಕಾಲುದ್ದ ಅಷ್ಟೇ, ಪರವಾಗಿಲ್ಲ, ನಾನು ಹೊಂದ್ಕೋತೀನಿ. ಕೆಳಗೆ ಹವಳ ಇದ್ರೆ ಸಾಕು. ನಂಗೆ ಏನೂ ಕಾಣ್ತಿಲ್ಲ... ಆದ್ರೆ ನಂಗೆ ನೋಡೋಕೆ ಬರಲ್ಲ. ನೀನೊಮ್ಮೆ ನೋಡ್ತೀಯಾ?"

ಅವನ ಕಣ್ಣಲ್ಲಿದ್ದ ಆಸೆ ನೋಡಿದಳು. ಕನ್ನಡಕ ಇಸ್ಕೊಂಡು ಮುಳುಗಿದಳು.

ಮರಳು. ಇನ್ನೂ ಮುಂದೆ ಹೋದಳು. ಮರಳು. ಬಂಡೆಯ ಬುಡದಲ್ಲಿ ಒಂದು ಏಡಿ, ಅಷ್ಟೇ. ಹವಳದ ಹೆಸರೇ ಇಲ್ಲ.

'ಇದೆ ಅಂದ್ಬಿಡ್ಲಾ? ನಂಬ್ತಾನೆ... ಈ ಮೊಣಕಾಲುದ್ದದ ಅಲೆಯಲ್ಲಿ ಜೀವಮಾನ ಕಳೀತಾನೆ, ನನಗೋಸ್ಕರ!'

ಅವಳು ಎದ್ದಳು. "ಏನೂ ಇಲ್ಲ ಕಣೋ."

ಅವನ ಭುಜ ಇಳಿದುಹೋಯ್ತು. ನಿಧಾನಕ್ಕೆ ಹೇಳಿದ. "ಹಂಗಾದ್ರೆ ನಾನು ಹಲಗೆ ಬಿಡ್ತೀನಿ. ನಿನ್ನ ದಡಕ್ಕೆ ಬರ್ತೀನಿ. ಕೊಳವೆ ತೊಳ್ಕೊಂಡಾದ್ರೂ ಇರ್ತೀನಿ."

"ಬಾಯ್ಮುಚ್ಚು!" ಅವಳು ಚೀರಿದಳು. "ಅಲೆ ಮೇಲೆ ನಿಂತಿದ್ದ ನಿನ್ನ ನಾನು ಕಣ್ಣಾರೆ ನೋಡಿದೀನಿ. ನಾನು ಪ್ರೀತಿಸಿದ್ದು ಅವನನ್ನ! ಅವನನ್ನ ಕೊಂದು ನನ್ನ ಮುಂದೆ ತಂದು ನಿಲ್ಲಿಸ್ಬೇಡ!"

"ಏನಂದೆ...? ಪ್ರೀತಿ...?"

"ಹೂಂ. ಕೇಳಿಸ್ತಲ್ಲ!"

ಅವನ ಮುಖದಲ್ಲಿ ನಗು ಅರಳೋಕೆ ಶುರುವಾಗಿತ್ತು. ಅವಳು ಆಗಲೇ ದಡದ ಮೇಲಿನ ಮನೆ ಕಡೆ ನೋಡ್ತಿದ್ದಳು.

"ಇಲ್ಲಿಂದ ಪಡುವಣದ ಗುಡಿಸಲಿಗೆ ಎಷ್ಟು ದೂರ?"

"ಗುಡ್ಡ ಹತ್ತೋ ಹಂಗಿಲ್ಲ, ದಡದ ಕಾಲುದಾರಿ... ಜೀಪು ಹೋಗಲ್ಲ, ಸೈಕಲ್ಲಲ್ಲಿ ಒಂದು ಗಂಟೆ."

"ಮೂಡಣಕ್ಕೆ?"

"ಅದೂ ಅಷ್ಟೇ." ಅವನು ನಿಂತಲ್ಲೇ ನಿಂತ. "ಅಯ್ಯೋ..."

"ಅಯ್ಯೋ ಅಂತೆ! ನೀನು ಹುಡುಕಬೇಕಾಗಿದ್ದು ದಡ ಅಲ್ಲ ಕಣೋ ಪೆದ್ದ, ಮನೆ! ಗಾಳಿ ಹೆಂಗಾದ್ರೂ ತಿರುಗಲಿ. ಬೆಳಿಗ್ಗೆ ನೀನು ನಿನ್ನ ಅಲೆಗೆ, ನಾನು ನನ್ನ ಮೀನಿಗೆ. ಸಂಜೆ ಇಬ್ಬರೂ ಇಲ್ಲಿಗೆ."

ಅವನು ಕಣ್ಣು ಒರೆಸಿಕೊಂಡ.

"ಮತ್ತೆ... ಈ ನೀರಲ್ಲಿ ನಾವು ಏನ್ಮಾಡೋದು? ಅಲೆನೂ ಇಲ್ಲ, ಹವಳಾನೂ ಇಲ್ಲ."

"ಈಜೋದು! ಕಲಿಸೋ ಹಂಗಿಲ್ಲ, ಅತಿಥಿಗಳಿಲ್ಲ. ನಾವಿಬ್ಬರೇ, ಸುಮ್ನೆ ಈಜೋದು."

ಅವನು ಅವಳ ಒದ್ದೆ ಕೈಯನ್ನ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಕೈ ಹಿಡ್ಕೊಂಡ್ರೆ ಈಜೋಕಾಗಲ್ಲ," ಅಂದಳು ಮೆಲ್ಲಗೆ.

"ಹಂಗಾದ್ರೆ ಇವತ್ತು ಈಜೋದು ಬೇಡ," ಅಂದ ಅವನು. "ನಾಳೆ ಈಜೋಣ. ನಾಳೆನೂ ಇಲ್ಲೇ ಇರ್ತೀಯಲ್ಲ?"

"ಇರ್ತೀನಿ," ಅಂದಳು ಅವಳು.